ಹಾವು ಕಡಿತ: ತೋಟದಿಂದ ಆಸ್ಪತ್ರೆಯವರೆಗಿನ ಹೊತ್ತು



ಮುಂಗಾರಿನ ಹೊಸ್ತಿಲಲ್ಲಿ ಬೋರ್ಡೋ ದ್ರಾವಣ, ಕೊಳೆರೋಗ, ಮರಗಸಿ, ಗೊಬ್ಬರದ ಪ್ರಮಾಣ ಇವುಗಳ ಬಗ್ಗೆ ಬರೆಯುವುದು ನಮ್ಮ ಪತ್ರಿಕೆಯ ರೂಢಿ. ಅದು ಬೆಳೆಯ ಮಾತಾಯಿತು. ಈ ಸಲ ಆ ಬೆಳೆಯಲ್ಲಿ ಕೈಯಾಡಿಸುವ ಮನುಷ್ಯನ ಪ್ರಾಣಕ್ಕೆ ಸಂಬಂಧಪಟ್ಟ ಒಂದು ವಿಷಯವನ್ನು ಸ್ವಲ್ಪ ವಿಸ್ತಾರವಾಗಿಯೇ ಸದಸ್ಯರ ಮುಂದಿಡುತ್ತಿದ್ದೇವೆ. ಹಾವಿನ ಹೆದರಿಕೆ ಇಲ್ಲದ ಕಾಫಿ ತೋಟವೂ ಇಲ್ಲ, ಅಡಿಕೆ ತೋಟವೂ ಇಲ್ಲ. ಆದರೂ ಹಾವು ಕಡಿದ ಮೇಲಿನ ಮೊದಲ ಒಂದು ಗಂಟೆಯಲ್ಲಿ ಏನು ಮಾಡಬೇಕೆಂದು ಮುಂಚಿತವಾಗಿ ಯೋಚಿಸಿಟ್ಟುಕೊಂಡ ತೋಟಗಳು ಬಹಳ ವಿರಳ.

ನಮ್ಮ ದೇಶದಲ್ಲಿ ಹಾವು ಕಡಿತದಿಂದ ಎಷ್ಟು ಜನ ಸಾಯುತ್ತಾರೆಂಬುದು ಬಹುಕಾಲ ಸರಿಯಾಗಿ ತಿಳಿದಿರಲಿಲ್ಲ. ಆಸ್ಪತ್ರೆಯ ಪುಸ್ತಕದಲ್ಲಿ ಬರೆದದ್ದಷ್ಟೇ ಲೆಕ್ಕ. ಮನೆಮನೆಗೆ ಹೋಗಿ ಸಾವಿನ ಕಾರಣ ವಿಚಾರಿಸಿದ ದೊಡ್ಡ ಸಮೀಕ್ಷೆಯೊಂದರ ಆಧಾರದ ಮೇಲೆ 2011ರಲ್ಲಿ ಪ್ರಕಟವಾದ ಅಂದಾಜಿನ ಪ್ರಕಾರ, 2005ನೇ ಇಸವಿ ಒಂದರಲ್ಲೇ ಸುಮಾರು 46,000 ಜನ ಸತ್ತಿದ್ದರು. ಅವರಲ್ಲಿ ನೂರಕ್ಕೆ 97 ಮಂದಿ ಹಳ್ಳಿಗರು. ಮುಕ್ಕಾಲು ಪಾಲಿಗಿಂತ ಹೆಚ್ಚು ಮಂದಿ ಆಸ್ಪತ್ರೆಯ ಹೊರಗೇ, ಅಂದರೆ ಮನೆಯಲ್ಲೋ ದಾರಿಯಲ್ಲೋ ಪ್ರಾಣ ಬಿಟ್ಟವರು. 2020ರಲ್ಲಿ ಇದೇ ಕೆಲಸವನ್ನು ಮುಂದುವರಿಸಿದವರು 2000ದಿಂದ 2019ರವರೆಗಿನ ಇಪ್ಪತ್ತು ವರ್ಷಗಳಲ್ಲಿ ಸುಮಾರು 12 ಲಕ್ಷ ಸಾವು, ಅಂದರೆ ವರ್ಷಕ್ಕೆ ಸರಾಸರಿ 58,000 ಎಂದು ಲೆಕ್ಕ ಕೊಟ್ಟರು. ಇವುಗಳಲ್ಲಿ ಅರ್ಧದಷ್ಟು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ ಆಗುವಂಥವು. ನಮ್ಮ ತೋಟಗಳಲ್ಲಿ ಕಳೆ ಕೊಚ್ಚುವುದು, ಗೊಬ್ಬರ ಕೊಡುವುದು, ಅಡಿಕೆಗೆ ಮದ್ದು ಹೊಡೆಯುವುದು ಎಲ್ಲವೂ ಆ ತಿಂಗಳುಗಳಲ್ಲೇ ಅಲ್ಲವೇ?

ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಹಾವು ಕಡಿತವನ್ನು ನಿರ್ಲಕ್ಷ್ಯಕ್ಕೊಳಗಾದ ಉಷ್ಣವಲಯದ ಕಾಯಿಲೆಗಳ ಪಟ್ಟಿಗೆ ಸೇರಿಸಿತು. ನಮ್ಮ ರಾಜ್ಯಕ್ಕೆ ಸಂಬಂಧಿಸಿದಂತೆ ಮುಖ್ಯವಾದ ಹೆಜ್ಜೆ 2024ರ ಫೆಬ್ರವರಿಯದು. ಕರ್ನಾಟಕ ಸರ್ಕಾರವು 2020ರ ಸಾಂಕ್ರಾಮಿಕ ರೋಗಗಳ ಕಾಯಿದೆಯಡಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಯೆಂದು ಘೋಷಿಸಿತು. ಹೀಗೆ ಮಾಡಿದ ಮೊದಲ ರಾಜ್ಯ ನಮ್ಮದೇ. ಹಾವು ಕಡಿತ ಅಂಟುರೋಗವಲ್ಲವಲ್ಲ, ಇದಕ್ಕೇಕೆ ಆ ಕಾಯಿದೆ ಎಂದು ಕೆಲವರು ಕೇಳಬಹುದು. ಕಾಯಿದೆಯ ಉಪಯೋಗ ಲೆಕ್ಕಕ್ಕೆ. ಸರ್ಕಾರಿ ಆಸ್ಪತ್ರೆಯಾಗಲಿ ಖಾಸಗಿ ಆಸ್ಪತ್ರೆಯಾಗಲಿ, ಬಂದ ಪ್ರತಿಯೊಂದು ಪ್ರಕರಣವನ್ನೂ ಪ್ರತಿಯೊಂದು ಸಾವನ್ನೂ ಈಗ ವರದಿ ಮಾಡಲೇಬೇಕು. ಅದೇ ವರ್ಷದ ಮಾರ್ಚಿಯಲ್ಲಿ ಕೇಂದ್ರ ಸರ್ಕಾರವೂ ಒಂದು ರಾಷ್ಟ್ರೀಯ ಕಾರ್ಯಯೋಜನೆಯನ್ನು ಹೊರಡಿಸಿ, 2030ರೊಳಗೆ ಈ ಸಾವುಗಳನ್ನು ಅರ್ಧಕ್ಕಿಳಿಸುವ ಗುರಿ ಇಟ್ಟುಕೊಂಡಿದೆ.

ಲೆಕ್ಕದಿಂದ ನಮಗೇನು ಪ್ರಯೋಜನವೆಂದರೆ, ಯಾವ ತಾಲ್ಲೂಕಿನಲ್ಲಿ ಎಷ್ಟು ಜನಕ್ಕೆ ಹಾವು ಕಡಿಯುತ್ತದೆಂದು ಪುಸ್ತಕದಲ್ಲಿ ಕಾಣದಿದ್ದರೆ ಆ ತಾಲ್ಲೂಕಿಗೆ ಔಷಧಿ ಬರುವುದಿಲ್ಲ. ನಾಟಿ ಮದ್ದು ಮಾಡಿಸಿಕೊಂಡು ಗುಣವಾದವನೂ ಲೆಕ್ಕಕ್ಕಿಲ್ಲ, ಮದ್ದು ಮಾಡಿಸಿಕೊಂಡು ಸತ್ತವನೂ ಲೆಕ್ಕಕ್ಕಿಲ್ಲ. ಮಲೆನಾಡಿನ ಎಷ್ಟೋ ಆರೋಗ್ಯ ಕೇಂದ್ರಗಳಲ್ಲಿ ಔಷಧಿ ಸಾಲದೆ ಹೋಗುವುದಕ್ಕೆ ಇದೂ ಒಂದು ಕಾರಣ.

ಯಾವ ಹಾವು, ಯಾವ ವಿಷ

ನಮ್ಮ ನಾಡಿನ ಹಾವುಗಳಲ್ಲಿ ಹೆಚ್ಚಿನವು ವಿಷವಿಲ್ಲದವು. ಕೇರೆಹಾವು ತೋಟದ ಇಲಿಗಳನ್ನು ತಿಂದು ನಮಗೆ ಉಪಕಾರವನ್ನೇ ಮಾಡುತ್ತದೆ. ಪ್ರಾಣ ತೆಗೆಯುವ ಕಡಿತಗಳಲ್ಲಿ ಬಹುಪಾಲು ನಾಲ್ಕು ಹಾವುಗಳವು: ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ. ಕಟ್ಟುಹಾವನ್ನು ಕರಾವಳಿಯ ಕಡೆ ಕಡಂಬಳವೆಂದೂ ಕರೆಯುತ್ತಾರೆ. ಗರಗಸ ಮಂಡಲ ಒಣನಾಡಿನ ಹಾವು. ಬಯಲುಸೀಮೆಯ ಅಡಿಕೆ ಬೆಳೆಗಾರರು ಅದರ ಬಗ್ಗೆ ಹೆಚ್ಚು ಎಚ್ಚರದಿಂದಿರಬೇಕು.

ನಾಗರಹಾವಿನ ವಿಷ ನರಗಳ ಮೇಲೆ ಕೆಲಸ ಮಾಡುತ್ತದೆ. ಕಡಿದ ಜಾಗ ನೋಯುತ್ತದೆ, ಊದುತ್ತದೆ. ಸ್ವಲ್ಪ ಹೊತ್ತಿನಲ್ಲಿ ಕಣ್ಣಿನ ರೆಪ್ಪೆ ಜೋಲುತ್ತದೆ, ಮಾತು ತೊದಲುತ್ತದೆ, ಎಂಜಲು ನುಂಗಲಾಗುವುದಿಲ್ಲ, ಕೊನೆಗೆ ಎದೆಯ ಸ್ನಾಯುಗಳು ಸೋತು ಉಸಿರು ನಿಲ್ಲುತ್ತದೆ.

ಕೊಳಕುಮಂಡಲದ ವಿಷ ರಕ್ತದ ಮೇಲೆ ಕೆಲಸ ಮಾಡುವಂಥದು. ಉರಿ, ಬಾವು ವಿಪರೀತ. ರಕ್ತ ಹೆಪ್ಪುಗಟ್ಟುವ ಶಕ್ತಿಯನ್ನೇ ಕಳೆದುಕೊಂಡು ವಸಡಿನಿಂದ, ಹಳೆಯ ಗಾಯದಿಂದ, ಮೂತ್ರದಲ್ಲಿ ರಕ್ತ ಹೋಗುತ್ತದೆ. ತಡವಾದರೆ ಮೂತ್ರಪಿಂಡ ಕೆಲಸ ನಿಲ್ಲಿಸುತ್ತದೆ. ಪ್ರಾಣ ಉಳಿದರೂ ಬೆರಳೋ ಕಾಲೋ ಕಳೆದುಕೊಂಡವರು ಹಲವರಿದ್ದಾರೆ. ತರಗೆಲೆಯ ಬಣ್ಣಕ್ಕೆ ಅದರ ಮೈಬಣ್ಣ ಹೊಂದಿಕೊಂಡುಬಿಡುವುದರಿಂದ ಪಕ್ಕದಲ್ಲೇ ಇದ್ದರೂ ಕಣ್ಣಿಗೆ ಬೀಳುವುದಿಲ್ಲ. ಕುಕ್ಕರ್ ಸೀಟಿಯಂಥ ಜೋರಾದ ಬುಸುಗುಟ್ಟುವಿಕೆ ಕೇಳಿದರೆ ಕಾಲು ಮುಂದಿಡದೆ ಅಲ್ಲೇ ನಿಂತುಬಿಡಿ.

ಕಟ್ಟುಹಾವಿನ ವಿಷಯವನ್ನು ವಿಶೇಷವಾಗಿ ಹೇಳಬೇಕು. ಇದು ರಾತ್ರಿ ಸಂಚಾರಿ. ನೆಲದ ಮೇಲೆ ಮಲಗಿದವರ ಹಾಸಿಗೆಗೆ ಬಂದು, ನಿದ್ದೆಯಲ್ಲಿ ಮಗ್ಗುಲಾದಾಗ ಕಡಿಯುತ್ತದೆ. ನೋವಿಲ್ಲ, ಬಾವಿಲ್ಲ, ಹಲ್ಲಿನ ಗುರುತು ಕೂಡ ಎಷ್ಟೋ ವೇಳೆ ಕಾಣಿಸುವುದಿಲ್ಲ. ಬೆಳಗಿನ ಜಾವ ಹೊಟ್ಟೆನೋವೆಂದು ಏಳುತ್ತಾರೆ, ವಾಂತಿ ಮಾಡುತ್ತಾರೆ. ಮನೆಯವರು ವಾಯುವೆಂದು ಶುಂಠಿ ಕಷಾಯ ಕೊಟ್ಟು ಮಲಗಿಸುತ್ತಾರೆ. ಆಮೇಲೆ ರೆಪ್ಪೆ ಜೋಲುತ್ತದೆ. ಮಳೆಗಾಲದಲ್ಲಿ ನೆಲದ ಮೇಲೆ ಮಲಗಿದ್ದವನು ಬೆಳಿಗ್ಗೆ ಎದ್ದು ಕಾರಣವಿಲ್ಲದೆ ಹೊಟ್ಟೆನೋವು ಎಂದರೆ, ಕಣ್ಣು ತೆರೆಯಲು ಕಷ್ಟವೆಂದರೆ, ಹಾವು ಕಡಿದಿದೆಯೆಂದೇ ಭಾವಿಸಿ ಹೊರಡಬೇಕು.

ಇನ್ನು ಮಲೆನಾಡಿನ ಬೆಳೆಗಾರರಿಗೆ ಗೊತ್ತಿರಬೇಕಾದ ಬೇರೊಂದು ಗುಂಪು ಗುಳಿಮಂಡಲಗಳದು. ಕಣ್ಣಿಗೂ ಮೂಗಿಗೂ ನಡುವೆ ಒಂದು ಸಣ್ಣ ಗುಳಿ ಇರುವುದರಿಂದ ಆ ಹೆಸರು. ಕಾಫಿ, ಏಲಕ್ಕಿ ಗಿಡಗಳ ರೆಂಬೆಯ ಮೇಲೆ ಸುರುಳಿ ಸುತ್ತಿ ಕೂರುವ ಜಾತಿ ಒಂದು. ಹಸಿರು, ಕಂದು, ಹಳದಿ ಹೀಗೆ ಹಲವು ಬಣ್ಣಗಳಲ್ಲಿರುತ್ತದೆ. ಚಿಗುರು ತೆಗೆಯುವಾಗ, ಹಣ್ಣು ಕೊಯ್ಯುವಾಗ ಕೈಗೆ ಕಡಿಯುವುದು ಹೆಚ್ಚಾಗಿ ಇದೇ. ಮೂಗಿನ ತುದಿ ಮೇಲೆದ್ದಂತಿರುವ, ಗೇಣುದ್ದಕ್ಕಿಂತ ಸ್ವಲ್ಪ ಉದ್ದದ ಕಂದು ಹಾವು ಇನ್ನೊಂದು. ಇದು ನೆಲದ ತರಗೆಲೆಯಲ್ಲಿ ಇರುತ್ತದೆ. ಚಿಕ್ಕದೆಂದು ಇದನ್ನು ಬಹಳ ಕಾಲ ಯಾರೂ ಗಣನೆಗೆ ತೆಗೆದುಕೊಂಡಿರಲಿಲ್ಲ. ಇದರ ಕಡಿತದಿಂದಲೂ ರಕ್ತ ಹೆಪ್ಪುಗಟ್ಟದಿರುವುದು, ಮೂತ್ರಪಿಂಡ ಕೆಡುವುದು ಉಂಟೆಂದು ನೆರೆಯ ಕೇರಳದ ವೈದ್ಯರು 2007ರಲ್ಲಿ ತೋರಿಸಿಕೊಟ್ಟರು. ತೊಂದರೆಯೆಂದರೆ, ನಮ್ಮಲ್ಲಿ ಸಿಗುವ ಔಷಧಿ ಮೇಲೆ ಹೇಳಿದ ನಾಲ್ಕು ಹಾವುಗಳ ವಿಷಕ್ಕೆ ಮಾತ್ರ ತಯಾರಾದದ್ದು. ಗುಳಿಮಂಡಲಕ್ಕೆ ಅದು ಕೆಲಸ ಮಾಡುವುದಿಲ್ಲ. ಹಾಗೆಂದು ಆಸ್ಪತ್ರೆಗೆ ಹೋಗುವುದು ವ್ಯರ್ಥವಲ್ಲ. ರಕ್ತ, ಮೂತ್ರಪಿಂಡಗಳ ಮೇಲೆ ಕಣ್ಣಿಟ್ಟು, ಬೇಕಾದರೆ ಡಯಾಲಿಸಿಸ್ ಮಾಡಿ ಉಳಿಸಬಹುದು. ಕಾಳಿಂಗ ಸರ್ಪಕ್ಕೂ ನಮ್ಮ ಔಷಧಿ ಅಲ್ಲ. ಆದರೆ ಅದು ಮನುಷ್ಯನಿಗೆ ಕಡಿಯುವುದು ತೀರಾ ಅಪರೂಪ. ಪಶ್ಚಿಮಘಟ್ಟದ ಕಾಳಿಂಗವು ಬೇರೆಯೇ ಜಾತಿಯೆಂದು 2024ರಲ್ಲಿ ತೀರ್ಮಾನವಾಗಿ, ಅದರ ಶಾಸ್ತ್ರೀಯ ಹೆಸರಿಗೆ ನಮ್ಮ ಕನ್ನಡದ ‘ಕಾಳಿಂಗ’ ಎಂಬ ಮಾತನ್ನೇ ಸೇರಿಸಿಕೊಂಡಿದ್ದಾರೆಂಬುದು ಸಂತೋಷದ ವಿಷಯ.

ಕಡಿದೊಡನೆ

ಮೊದಲನೆಯದಾಗಿ ಕಡಿಸಿಕೊಂಡವನನ್ನು ಹಾವಿನಿಂದ ದೂರ ಕರೆತಂದು ಕೂರಿಸಿ ಅಥವಾ ಮಲಗಿಸಿ, ಧೈರ್ಯ ಹೇಳಿ. ಧೈರ್ಯ ಹೇಳುವುದು ಬರಿಯ ಉಪಚಾರದ ಮಾತಲ್ಲ. ಹೆಚ್ಚಿನ ಕಡಿತಗಳು ವಿಷವಿಲ್ಲದ ಹಾವಿನವು. ವಿಷದ ಹಾವು ಕಡಿದಾಗಲೂ ಎಷ್ಟೋ ಸಲ ವಿಷ ಇಳಿದಿರುವುದಿಲ್ಲ. ಓಡಿದರೆ, ನಡೆದರೆ ವಿಷ ಬೇಗ ಏರುತ್ತದೆ. ಆದುದರಿಂದ ಕಡಿದ ಕೈಯನ್ನೋ ಕಾಲನ್ನೋ ಮೂಳೆ ಮುರಿದಾಗ ಕಟ್ಟುವಂತೆ ಕೋಲಿಟ್ಟು ಸಡಿಲವಾಗಿ ಬಟ್ಟೆ ಸುತ್ತಿ, ಅಲುಗದಂತೆ ಮಾಡಿ. ಅಡಿಕೆ ದಬ್ಬೆಯೂ ಆದೀತು. ಉಂಗುರ, ಬಳೆ, ಕಾಲುಂಗುರ, ಗಡಿಯಾರ ತೆಗೆದುಬಿಡಿ. ಬಾವು ಬಂದ ಮೇಲೆ ಅವನ್ನು ಕತ್ತರಿಸಿಯೇ ತೆಗೆಯಬೇಕಾಗುತ್ತದೆ.

ಹಗ್ಗದಿಂದ ಬಿಗಿಯಾಗಿ ಕಟ್ಟುವುದನ್ನು ನಮ್ಮ ಹಿರಿಯರು ಕಲಿಸಿದ್ದರು, ಶಾಲೆಯ ಪಾಠದಲ್ಲೂ ಇತ್ತು. ಇಂದಿನ ವೈದ್ಯರು ಅದು ಬೇಡವೆನ್ನುತ್ತಾರೆ. ಮಂಡಲದ ವಿಷ ಒಂದೇ ಜಾಗದಲ್ಲಿ ನಿಂತು ಮಾಂಸ ಕೊಳೆಯುತ್ತದೆ. ರಕ್ತ ಸಂಚಾರ ನಿಂತು ಕಾಲೇ ಹೋಗಬಹುದು. ಯಾರಾದರೂ ಆಗಲೇ ಕಟ್ಟಿಬಿಟ್ಟಿದ್ದರೆ ದಾರಿಯಲ್ಲಿ ಥಟ್ಟನೆ ಬಿಚ್ಚಬೇಡಿ, ತಡೆದಿದ್ದ ವಿಷ ಒಮ್ಮೆಗೇ ನುಗ್ಗುತ್ತದೆ. ವೈದ್ಯರ ಮುಂದೆಯೇ ಬಿಚ್ಚಿಸಬೇಕು. ಬ್ಲೇಡಿನಿಂದ ಗೀರುವುದು, ಬಾಯಿಂದ ಹೀರುವುದು, ಬೆಂಕಿಯಿಂದ ಸುಡುವುದು, ಸೊಪ್ಪು ಅರೆದು ಹಚ್ಚುವುದು, ಹೆಂಡ ಕುಡಿಸುವುದು ಇವು ಯಾವುವೂ ಬೇಡ. ವಾಂತಿ ಬರುವಂತಿದ್ದರೆ ಎಡ ಮಗ್ಗುಲಿಗೆ ಮಲಗಿಸಿ.

ಹಾವನ್ನು ಹುಡುಕಿ ಹೊಡೆಯಲು ನಾಲ್ಕು ಜನ ದೊಣ್ಣೆ ಹಿಡಿದು ಹೊರಡುವುದು ಸಾಮಾನ್ಯ ದೃಶ್ಯ. ಅದರಿಂದ ಹೊತ್ತು ಹಾಳು, ಐದನೆಯವನಿಗೂ ಕಡಿಸುವ ಅಪಾಯ. 1972ರ ವನ್ಯಜೀವಿ ಕಾಯಿದೆಯ ಪ್ರಕಾರ ಅಪರಾಧವೂ ಹೌದು. ನಾಲ್ಕೂ ಹಾವುಗಳಿಗೆ ಔಷಧಿ ಒಂದೇ ಆದುದರಿಂದ ಹಾವಿನ ಹೆಣ ತಂದು ತೋರಿಸುವ ಅಗತ್ಯವಿಲ್ಲ. ವೈದ್ಯರು ಲಕ್ಷಣ ನೋಡಿ ಚಿಕಿತ್ಸೆ ಮಾಡುತ್ತಾರೆ. ದೂರದಿಂದ ಮೊಬೈಲಿನಲ್ಲಿ ಒಂದು ಚಿತ್ರ ಸಿಕ್ಕಿದರೆ ಒಳ್ಳೆಯದು, ಸಿಗದಿದ್ದರೆ ಬಿಡಿ. ಕಡಿದ ಗಂಟೆ ಎಷ್ಟು, ರೆಪ್ಪೆ ಜೋತದ್ದು ಯಾವಾಗ, ಬಾವು ಎಲ್ಲಿಯವರೆಗೆ ಏರಿತು ಎಂದು ಒಂದು ಚೀಟಿಯಲ್ಲಿ ಬರೆದುಕೊಂಡು ಹೋದರೆ ವೈದ್ಯರಿಗೆ ಅದರ ಉಪಯೋಗವೇ ಹೆಚ್ಚು.

ವಾಹನ ಸಿಗದಿದ್ದರೆ ಬೈಕಿನಲ್ಲಿ ಇಬ್ಬರ ಮಧ್ಯೆ ಕೂರಿಸಿಕೊಂಡಾದರೂ ಹೊರಡಬೇಕು. 108ಕ್ಕೆ ಕರೆ ಮಾಡಿ, ಆದರೆ ತೋಟದ ಗೇಟಿನಲ್ಲಿ ಕಾಯುತ್ತ ಕೂರಬೇಡಿ. ಇದ್ದ ವಾಹನದಲ್ಲಿ ಹೊರಟು ದಾರಿಯಲ್ಲಿ ಎದುರುಗೊಳ್ಳುವುದು ಮೇಲು.

ಯಾವ ಆಸ್ಪತ್ರೆಗೆ

ನಮ್ಮ ಅಭಿಪ್ರಾಯದಲ್ಲಿ ಹೆಚ್ಚು ಪ್ರಾಣ ಹೋಗುತ್ತಿರುವುದು ಇಲ್ಲಿಯೇ. ನಮ್ಮ ಬೆಳೆಗಾರರಲ್ಲಿ ಎಷ್ಟೋ ಮಂದಿಯ ತೋಟ ಮಲೆನಾಡಿನಲ್ಲಿದ್ದರೆ ಮನೆ ಬೆಂಗಳೂರಿನ ವಿಜಯನಗರದಲ್ಲೋ ಬಸವೇಶ್ವರನಗರದಲ್ಲೋ ಇದೆ. ಮಕ್ಕಳ ಓದಿಗೆಂದು ಬಂದವರು ಅಲ್ಲೇ ನಿಂತಿದ್ದಾರೆ. ತೋಟದಲ್ಲಿ ಆಳಿಗೋ, ರೈಟರಿಗೋ, ಊರಿನಲ್ಲೇ ಉಳಿದ ಅಣ್ಣನಿಗೋ ಹಾವು ಕಡಿಯುತ್ತದೆ. ರಾತ್ರಿ ಹತ್ತು ಗಂಟೆಗೆ ಬೆಂಗಳೂರಿಗೆ ಫೋನು ಬರುತ್ತದೆ. ‘ಅಲ್ಲೇನು ಸೌಕರ್ಯ ಇದೆ, ನೇರ ಬೆಂಗಳೂರಿಗೆ ಕರಕೊಂಡು ಬಂದುಬಿಡಿ, ಇಲ್ಲಿ ನಾನು ಆಸ್ಪತ್ರೆಗೆ ಹೇಳಿಡುತ್ತೇನೆ’ ಎಂದು ಪ್ರೀತಿಯಿಂದಲೇ ಹೇಳುತ್ತೇವೆ. ಸಕಲೇಶಪುರದಿಂದ ಬೆಂಗಳೂರಿಗೆ ಸುಮಾರು 220 ಕಿಲೋಮೀಟರು. ಮಳೆಗಾಲದ ರಾತ್ರಿಯಲ್ಲಿ ಎಷ್ಟು ಗಂಟೆಯ ದಾರಿಯೆಂದು ನಾವೆಲ್ಲರೂ ಬಲ್ಲೆವು. ದಾರಿಯಲ್ಲಿ ಸಕಲೇಶಪುರದ ತಾಲ್ಲೂಕು ಆಸ್ಪತ್ರೆ ದಾಟಿ, ನಲವತ್ತು ಕಿಲೋಮೀಟರಿನಲ್ಲಿ ಹಾಸನದ ಜಿಲ್ಲಾ ಆಸ್ಪತ್ರೆ ದಾಟಿ, ನೆಲಮಂಗಲ ಮುಟ್ಟುವ ಹೊತ್ತಿಗೆ ಉಸಿರೇ ನಿಂತಿದ್ದರೆ ಬೆಂಗಳೂರಿನ ಆಸ್ಪತ್ರೆ ಎಷ್ಟು ದೊಡ್ಡದಿದ್ದರೇನು?

ಔಷಧಿಯ ಮೊದಲ ಕಂತು ಹತ್ತಿರದ ಆಸ್ಪತ್ರೆಯಲ್ಲೇ ಬೀಳಬೇಕು. ಮುಂದೆ ಡಯಾಲಿಸಿಸ್ ಅಥವಾ ವೆಂಟಿಲೇಟರ್ ಬೇಕಾದರೆ ಅಲ್ಲಿಂದ ಚೀಟಿ ಬರೆಸಿಕೊಂಡು ಜಿಲ್ಲಾ ಆಸ್ಪತ್ರೆಗೋ, ಶಿವಮೊಗ್ಗದ ಮೆಗ್ಗಾನ್, ಮಂಗಳೂರಿನ ವೆನ್‌ಲಾಕ್, ಮೈಸೂರಿನ ಕೆ.ಆರ್. ಆಸ್ಪತ್ರೆಗೋ ಹೋಗಬಹುದು. ನರಕ್ಕೆ ವಿಷವೇರಿದವನನ್ನು ಸಾಗಿಸುವಾಗ ಜೊತೆಯಲ್ಲಿ ಉಸಿರಿನ ಚೀಲ ಒತ್ತಲು ಬಲ್ಲವರು ಇರಬೇಕೆಂದು ಕೇಳಿ ಪಡೆಯಿರಿ. ನಾಗರ, ಕಟ್ಟುಹಾವುಗಳ ವಿಷದಲ್ಲಿ ಹೃದಯ ಬಡಿಯುತ್ತಲೇ ಇರುತ್ತದೆ, ಸೋಲುವುದು ಉಸಿರಾಟ. ಗಂಟೆಗಟ್ಟಲೆ ಕೈಯಿಂದಲೇ ಚೀಲ ಒತ್ತಿ ಉಳಿಸಿಕೊಳ್ಳಲು ಸಾಧ್ಯವಿದೆ.

ಮಳೆಗಾಲಕ್ಕೆ ಮೊದಲು ಪ್ರತಿಯೊಬ್ಬ ಬೆಳೆಗಾರನೂ ತನ್ನ ತೋಟಕ್ಕೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರ ಹಾಗೂ ತಾಲ್ಲೂಕು ಆಸ್ಪತ್ರೆಗಳಿಗೆ ಒಮ್ಮೆ ಹೋಗಿ, ಹಾವಿನ ಔಷಧಿ ಈಗ ದಾಸ್ತಾನಿದೆಯೇ, ಎಷ್ಟು ಬಾಟಲಿ ಇದೆ, ರಾತ್ರಿ ವೈದ್ಯರಿರುತ್ತಾರೆಯೇ ಎಂದು ವಿಚಾರಿಸಿಕೊಂಡು ಬರಬೇಕು. ಅದನ್ನೂ ದೂರವಾಣಿ ಸಂಖ್ಯೆಗಳನ್ನೂ ದಪ್ಪಕ್ಷರದಲ್ಲಿ ಬರೆದು ಮನೆಯ ಜಗುಲಿಯಲ್ಲಿ, ಕಣದಲ್ಲಿ, ಲೈನ್ ಮನೆಗಳ ಗೋಡೆಯ ಮೇಲೆ ಅಂಟಿಸಬೇಕು. ರಾತ್ರಿ ಯಾರ ಜೀಪು, ಕೀಲಿಕೈ ಎಲ್ಲಿ ಎಂಬುದೂ ಅದರಲ್ಲಿರಲಿ. ದಾಸ್ತಾನು ಇಲ್ಲವೆಂದರೆ ಸದಸ್ಯರು ಸಂಘಕ್ಕೆ ತಿಳಿಸಲಿ. ಒಬ್ಬೊಬ್ಬರೇ ಹೇಳುವುದಕ್ಕಿಂತ ಸಂಘದ ಅರ್ಜಿಗೆ ತಾಲ್ಲೂಕು ಆರೋಗ್ಯಾಧಿಕಾರಿಗಳ ಕಚೇರಿಯಲ್ಲಿ ಹೆಚ್ಚು ಬೆಲೆ ಬರುತ್ತದೆ.

ಪಟ್ಟಣದಲ್ಲಿದ್ದರೆ ಹಾವಿನ ಭಯ ತಪ್ಪಿತೆಂದುಕೊಳ್ಳುವುದೂ ಬೇಡ. ಕೆಂಗೇರಿಯ ಕಡೆ ವೃಷಭಾವತಿಯ ದಂಡೆ, ತುರಹಳ್ಳಿ ಕಾಡಿನ ಸೆರಗು, ಜ್ಞಾನಭಾರತಿಯ ಸುತ್ತಮುತ್ತ ಹೊಸ ಬಡಾವಣೆಗಳು ಎದ್ದಿವೆ. ಖಾಲಿ ನಿವೇಶನದಲ್ಲಿ ಕಟ್ಟಡದ ಅವಶೇಷ, ಕಸ, ಕಸಕ್ಕೆ ಇಲಿ, ಇಲಿಯ ಹಿಂದೆ ನಾಗರ, ಕೊಳಕುಮಂಡಲ. ಹೊರಗೆ ಬಿಟ್ಟ ಚಪ್ಪಲಿ, ಬೂಟುಗಳನ್ನು ಕೊಡವಿ ಹಾಕಿಕೊಳ್ಳುವ ಅಭ್ಯಾಸ ಅಲ್ಲೂ ಬೇಕು. ಅಲ್ಲಿ ಆಸ್ಪತ್ರೆ ಹತ್ತಿರ: ರಾಜಾಜಿನಗರದಲ್ಲಿ ಇ.ಎಸ್.ಐ. ವೈದ್ಯಕೀಯ ಕಾಲೇಜು, ಮೈಸೂರು ರಸ್ತೆಯ ಕಂಬೀಪುರದಲ್ಲಿ ರಾಜರಾಜೇಶ್ವರಿ ವೈದ್ಯಕೀಯ ಕಾಲೇಜು, ಊರ ನಡುವೆ ವಿಕ್ಟೋರಿಯಾ. ಆದರೂ ಮೊದಲು ಫೋನು ಮಾಡಿ ಔಷಧಿ ಇದೆಯೇ ಎಂದು ಕೇಳಿಕೊಂಡೇ ಹೊರಡುವುದು ಕ್ಷೇಮ.

ಆಸ್ಪತ್ರೆಯಲ್ಲಿ ಏನು ನಡೆಯುತ್ತದೆ

ಆಸ್ಪತ್ರೆಗೆ ಹೋದರೂ ಕೂಡಲೇ ಔಷಧಿ ಚುಚ್ಚಲಿಲ್ಲವೆಂದು ವೈದ್ಯರ ಮೇಲೆ ರೇಗುವವರಿದ್ದಾರೆ. ವಿಷವೇರಿದ ಲಕ್ಷಣ ಕಂಡಾಗ ಮಾತ್ರ ಅದನ್ನು ಕೊಡಬೇಕೆಂಬುದು ನಿಯಮ. ರಕ್ತದ ಪರೀಕ್ಷೆಯೊಂದು ಬಲು ಸರಳ. ಎರಡು ಮಿಲಿಲೀಟರ್ ರಕ್ತವನ್ನು ಶುಭ್ರವಾದ ಒಣ ಗಾಜಿನ ನಳಿಗೆಯಲ್ಲಿ ಹಾಕಿ, 20 ನಿಮಿಷ ಅಲುಗಿಸದೆ ಇಟ್ಟು, ಆಮೇಲೆ ಓರೆ ಮಾಡಿ ನೋಡುತ್ತಾರೆ. ಹೆಪ್ಪುಗಟ್ಟದೆ ನೀರಾಗಿಯೇ ಹರಿದರೆ ಮಂಡಲದ ವಿಷವೆಂದರ್ಥ. ಲಕ್ಷಣವೇನೂ ಇಲ್ಲದಿದ್ದರೂ 24 ಗಂಟೆ ಆಸ್ಪತ್ರೆಯಲ್ಲೇ ಇಟ್ಟುಕೊಳ್ಳುತ್ತಾರೆ. ‘ಏನೂ ಆಗಿಲ್ಲ’ವೆಂದು ನಡುರಾತ್ರಿ ಮನೆಗೆ ಕರೆತರುವುದು ಸರಿಯಲ್ಲ.

ಔಷಧಿಯ ಹೆಸರು ಎ.ಎಸ್.ವಿ. ಅಥವಾ ಪ್ರತಿವಿಷ. ಸಾಧಾರಣವಾಗಿ ಎಂಟರಿಂದ ಹತ್ತು ಬಾಟಲಿಯಿಂದ ಶುರು ಮಾಡುತ್ತಾರೆ. ಅಷ್ಟೇಕೆಂಬುದಕ್ಕೆ ಲೆಕ್ಕವಿದೆ. ಕೊಳಕುಮಂಡಲ ಒಮ್ಮೆ ಕಡಿದರೆ ಸರಾಸರಿ 63 ಮಿಲಿಗ್ರಾಂ ವಿಷ ಇಳಿಸುತ್ತದೆ. ಒಂದು ಮಿಲಿಲೀಟರ್ ಪ್ರತಿವಿಷ 0.6 ಮಿಲಿಗ್ರಾಂ ವಿಷವನ್ನು ಮುರಿಯುತ್ತದೆ. ಹತ್ತು ಮಿಲಿಲೀಟರಿನ ಹತ್ತು ಬಾಟಲಿ ಸೇರಿದರೆ 60 ಮಿಲಿಗ್ರಾಂ. ಮಗುವಿಗೂ ಇಷ್ಟೇ ಕೊಡಬೇಕು; ಹಾವು ಮಗುವೆಂದು ವಿಷ ಕಡಿಮೆ ಮಾಡುವುದಿಲ್ಲವಷ್ಟೆ. ಮಂಡಲದ ಕಡಿತದಲ್ಲಿ ಆರು ಗಂಟೆ ಬಿಟ್ಟು ರಕ್ತ ಮತ್ತೆ ಪರೀಕ್ಷಿಸಿ, ಹೆಪ್ಪುಗಟ್ಟದಿದ್ದರೆ ಇನ್ನಷ್ಟು ಕೊಡುತ್ತಾರೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಇದು ಉಚಿತ.

‘ನಮ್ಮ ತೋಟದಲ್ಲೇ ನಾಲ್ಕು ಬಾಟಲಿ ಇಟ್ಟುಕೊಳ್ಳಬಾರದೇ?’ ಎಂಬ ಪ್ರಶ್ನೆ ಆಗಾಗ್ಗೆ ಬರುತ್ತದೆ. ಬೇಡ. ಇದನ್ನು ರಕ್ತನಾಳದ ಮೂಲಕವೇ ಕೊಡಬೇಕು. ಕುದುರೆಯ ರಕ್ತದಿಂದ ತಯಾರಾದದ್ದಾದ್ದರಿಂದ ಕೆಲವರ ಮೈಗೆ ಒಗ್ಗದೆ ರಕ್ತದೊತ್ತಡ ಒಮ್ಮೆಗೇ ಕುಸಿಯುವುದುಂಟು. ಆಗ ಅಡ್ರಿನಾಲಿನ್ ಚುಚ್ಚುಮದ್ದು ಕೈಯಲ್ಲೇ ಇರಬೇಕು, ಕೊಡಬಲ್ಲ ವೈದ್ಯರೂ ಇರಬೇಕು.

ಈ ಔಷಧಿಯ ಹಿಂದೆ ಒಂದು ಸಹಕಾರ ಸಂಘದ ಕಥೆಯಿದೆ ಎಂಬುದು ನಮ್ಮ ಸದಸ್ಯರಲ್ಲಿ ಹಲವರಿಗೆ ತಿಳಿದಿರಲಾರದು. ತಮಿಳುನಾಡಿನ ಇರುಳರು ಪೀಳಿಗೆಗಳಿಂದ ಹಾವು ಹಿಡಿಯುವುದರಲ್ಲಿ ನಿಪುಣರು. ಹಾವಿನ ಚರ್ಮ ಮಾರಿ ಬದುಕುತ್ತಿದ್ದವರು. ಚರ್ಮದ ವ್ಯಾಪಾರಕ್ಕೆ ಕಾನೂನಿನ ತಡೆ ಬಿದ್ದ ಮೇಲೆ, ಉರಗತಜ್ಞ ರೋಮುಲಸ್ ವಿಟೇಕರ್ ಅವರ ಪ್ರೇರಣೆಯಿಂದ 1978ರಲ್ಲಿ ಚೆನ್ನೈ ಬಳಿ ತಮ್ಮದೇ ಸಹಕಾರ ಸಂಘ ಕಟ್ಟಿಕೊಂಡರು. ಹಾವು ಹಿಡಿದು, ಕೆಲವು ಸಲ ವಿಷ ತೆಗೆದು, ಮತ್ತೆ ಕಾಡಿಗೆ ಬಿಡುತ್ತಾರೆ. ದೇಶದ ಪ್ರತಿವಿಷ ತಯಾರಕರಿಗೆ ಬೇಕಾದ ವಿಷದ ಬಹುಭಾಗ ಅಲ್ಲಿಂದಲೇ ಬಂದದ್ದು. ಆ ಸಮುದಾಯದ ವಡಿವೇಲ್ ಗೋಪಾಲ್, ಮಾಸಿ ಸಡೈಯನ್ ಇಬ್ಬರಿಗೂ 2023ರಲ್ಲಿ ಪದ್ಮಶ್ರೀ ಸಂದಿದೆ.

ಆ ವಿಷವನ್ನು ಸ್ವಲ್ಪ ಸ್ವಲ್ಪವಾಗಿ ಕುದುರೆಗೆ ಚುಚ್ಚಿ, ಅದರ ರಕ್ತದಲ್ಲಿ ಹುಟ್ಟುವ ಪ್ರತಿವಿಷವನ್ನು ಬೇರ್ಪಡಿಸುತ್ತಾರೆ. 1890ರ ದಶಕದಲ್ಲಿ ಫ್ರಾನ್ಸಿನ ಕಾಲ್ಮೆಟ್ ಎಂಬವರು ತೋರಿಸಿದ ಈ ದಾರಿಯೇ ಮೂಲತಃ ಇಂದಿಗೂ ನಡೆದಿದೆ. ಒಂದು ಕೊರತೆಯೆಂದರೆ, ಒಂದೇ ಜಾತಿಯ ಹಾವಾದರೂ ಊರಿಂದೂರಿಗೆ ಅದರ ವಿಷದ ಗುಣ ಬದಲಾಗುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಾರ್ತಿಕ್ ಸುನಗರ್ ಅವರ ಪ್ರಯೋಗಾಲಯ ಇದನ್ನು ಹಲವು ವರ್ಷಗಳಿಂದ ಪರಿಶೀಲಿಸುತ್ತಿದೆ. ಒಂದು ಕಡೆಯ ವಿಷದಿಂದ ಮಾಡಿದ ಔಷಧಿ ಇನ್ನೊಂದು ಕಡೆಯ ಹಾವಿಗೆ ಅಷ್ಟಾಗಿ ನಾಟದೆ ಹೋಗಬಹುದು. ಕುದುರೆಯಿಲ್ಲದೆ ಪ್ರಯೋಗಾಲಯದಲ್ಲೇ ರೂಪಿಸಿದ ಪ್ರತಿಕಾಯವೊಂದನ್ನು ಇದೇ ತಂಡದವರು ಅಮೆರಿಕದ ವಿಜ್ಞಾನಿಗಳ ಜೊತೆ ಸೇರಿ 2024ರಲ್ಲಿ ಪ್ರಕಟಿಸಿದರು. ಇಲಿಗಳಲ್ಲಿ ಫಲ ಕೊಟ್ಟಿದೆ, ಮನುಷ್ಯರಿಗೆ ಬರಲು ಇನ್ನೂ ದೂರವಿದೆ. ಮಲೆನಾಡಿನ ಗುಳಿಮಂಡಲಕ್ಕೆ ಔಷಧಿ ಬೇಕೆಂದು ಕೇಳಬೇಕಾದವರು ಯಾರು? ಕಾಫಿ, ಏಲಕ್ಕಿ ಬೆಳೆಯುವ ನಾವೇ ಕೇಳದಿದ್ದರೆ ಬಯಲುಸೀಮೆಯವರು ಕೇಳುತ್ತಾರೆಯೇ?

ನಾಟಿ ಮದ್ದು, ಹರಕೆ

ಈ ವಿಷಯವನ್ನು ನೋವಾಗದಂತೆ ಹೇಳುವುದು ಕಷ್ಟ. ಮಲೆನಾಡಿನ ಪ್ರತಿ ಹೋಬಳಿಯಲ್ಲೂ ಹಾವಿಗೆ ಮದ್ದು ಕೊಡುವ ಒಂದೆರಡು ಮನೆತನಗಳಿವೆ. ಕಾಸು ಮುಟ್ಟದೆ, ಅಪರಾತ್ರಿಯಲ್ಲೂ ಎದ್ದು ಬೇರು ಅರೆದುಕೊಡುವ ಸಜ್ಜನರು. ಅವರಿಂದ ‘ಗುಣವಾದವರು’ ಊರ ತುಂಬ ಇದ್ದಾರೆ. ಕೇರೆಹಾವು ಕಡಿದವನು, ನಾಗರ ಕಡಿದರೂ ವಿಷವಿಳಿಯದೆ ಉಳಿದವನು ಮದ್ದು ಕುಡಿದರೂ ಬದುಕುತ್ತಾನೆ, ಕುಡಿಯದಿದ್ದರೂ ಬದುಕುತ್ತಾನೆ. ಕೀರ್ತಿ ಮಾತ್ರ ಬೇರಿಗೆ. ನಿಜವಾಗಿ ವಿಷವೇರಿದವನಿಗೆ ಅಲ್ಲಿ ಕಳೆದ ಎರಡು ಗಂಟೆಯೇ ಮುಳುವಾಗುತ್ತದೆ. ಅವರೊಡನೆ ಜಗಳವಾಡಿ ಪ್ರಯೋಜನವಿಲ್ಲ. ‘ತಮ್ಮ ಬಳಿ ಯಾರೇ ಬಂದರೂ ಮೊದಲು ಆಸ್ಪತ್ರೆಗೆ ಕಳಿಸಿಕೊಡಿ, ವಾಹನ ನಾವು ಕೊಡುತ್ತೇವೆ’ ಎಂದು ಊರ ಬೆಳೆಗಾರರೇ ಹೋಗಿ ಗೌರವದಿಂದ ಕೇಳಿಕೊಂಡರೆ ಒಪ್ಪದಿರಲಾರರು. ಜನ ಅವರ ಮಾತು ಕೇಳುತ್ತಾರೆ, ನಮ್ಮ ಕರಪತ್ರವನ್ನು ಓದುವುದಿಲ್ಲ.

ನಾಗನನ್ನು ನಂಬಿದ ನಾಡು ನಮ್ಮದು. ತೋಟದ ಮೂಲೆಯಲ್ಲಿ ನಾಗಬನವಿಲ್ಲದ ಮನೆ ಕಡಿಮೆ. ಹಾವು ಕಡಿದರೆ ದೋಷವೆಂದು ಮೊದಲು ಹರಕೆ ಹೇಳಿಕೊಳ್ಳುವುದು ಸಹಜ. ಹರಕೆಯನ್ನು ಜೀಪು ಹತ್ತಿದ ಮೇಲೂ ಹೇಳಿಕೊಳ್ಳಬಹುದು, ಸುಬ್ರಹ್ಮಣ್ಯಕ್ಕೆ ಗುಣವಾದ ಮೇಲೆ ಹೋಗಬಹುದು.

ತೋಟದಲ್ಲಿ, ಲೈನ್ ಮನೆಯಲ್ಲಿ

ಕಡಿತವನ್ನು ತಪ್ಪಿಸಿಕೊಳ್ಳುವ ಉಪಾಯಗಳು ಎಲ್ಲರಿಗೂ ಗೊತ್ತಿರುವಂಥವೇ. ಗಂಬೂಟು ಹಾಕಿದರೆ ಕಾಲಿನ ಕಡಿತಗಳಲ್ಲಿ ಬಹಳಷ್ಟು ತಪ್ಪುತ್ತವೆ. ಉದುರಡಿಕೆ ಹೆಕ್ಕುವಾಗ, ಸೋಗೆ-ಹಾಳೆ ಎತ್ತುವಾಗ, ಸಿಪ್ಪೆ ರಾಶಿ ಕೆದಕುವಾಗ ಕೈಗಿಂತ ಮೊದಲು ಕೋಲು ಹೋಗಲಿ. ಕಾಫಿ ಗಿಡದ ಬುಡಕ್ಕೆ ಕೈ ಹಾಕುವ ಮೊದಲು ರೆಂಬೆಯನ್ನು ಕೋಲಿನಿಂದ ಒಮ್ಮೆ ತಟ್ಟಲಿ. ರಾತ್ರಿ ಮೋಟಾರು ಹಾಕಲು ಹೋಗುವವನ ಕೈಯಲ್ಲಿ ಟಾರ್ಚು ಇರಲೇಬೇಕು.

ಲೈನ್ ಮನೆಗಳ ಬಗ್ಗೆ ಮಾತ್ರ ಸ್ವಲ್ಪ ಖಾರವಾಗಿಯೇ ಹೇಳಬೇಕಾಗಿದೆ. ಕೊಯ್ಲಿಗೆಂದು ಉತ್ತರ ಕರ್ನಾಟಕದಿಂದಲೋ ಅಸ್ಸಾಮಿನಿಂದಲೋ ಬರುವ ಕುಟುಂಬಗಳಿಗೆ ನಮ್ಮ ಹಾವುಗಳ ಪರಿಚಯವಿಲ್ಲ, ಹತ್ತಿರದ ಆಸ್ಪತ್ರೆ ಯಾವ ದಿಕ್ಕಿಗಿದೆಯೆಂದೂ ಗೊತ್ತಿಲ್ಲ. ಕೆಲವರಿಗೆ ಭಾಷೆಯೂ ಬಾರದು. ನೆಲದ ಮೇಲೆ, ಗೋಣಿಚೀಲದ ಪಕ್ಕ, ಬಾಗಿಲಡಿಯಲ್ಲಿ ಎರಡು ಬೆರಳು ಸಂದು ಇರುವ ಕೋಣೆಯಲ್ಲಿ ಮಕ್ಕಳನ್ನು ಮಲಗಿಸುತ್ತಾರೆ. ಕಟ್ಟುಹಾವಿಗೆ ಇದಕ್ಕಿಂತ ಅನುಕೂಲ ಬೇಕೇ? ಒಂದು ಸೊಳ್ಳೆಪರದೆಯ ಅಂಚನ್ನು ಹಾಸಿಗೆಯಡಿ ಸುತ್ತಲೂ ಮಡಿಸಿಟ್ಟರೆ ಹಾವು ಒಳಗೆ ಬರಲಾರದು. ಬಾಗಿಲ ಸಂದು ಮುಚ್ಚುವುದು, ಗೋಡೆಯ ಬಿರುಕಿಗೆ ಸಿಮೆಂಟು ಬಳಿಯುವುದು, ಸೌದೆ ರಾಶಿಯನ್ನು ಗೋಡೆಯಿಂದ ದೂರ ಒಟ್ಟುವುದು, ಕಕ್ಕಸಿಗೆ ಹೋಗುವ ದಾರಿಯಲ್ಲಿ ಒಂದು ದೀಪ. ಒಂದು ಮೂಟೆ ಕಾಫಿಯ ಬೆಲೆಯಲ್ಲಿ ಇಷ್ಟೆಲ್ಲ ಆಗುತ್ತದೆ. ಆಳಿಗೆ ಹಾವು ಕಡಿದಾಗ ‘ಬೆಳಿಗ್ಗೆ ನೋಡೋಣ’ ಎನ್ನುವ ಮೇಸ್ತ್ರಿಗೆ, ಮಾಲೀಕನನ್ನು ಕೇಳದೆಯೇ ಗಾಡಿ ತೆಗೆಯುವ ಅಧಿಕಾರವನ್ನು ಮುಂಚಿತವಾಗಿ ಕೊಟ್ಟಿಡಿ.

ಆಸ್ಪತ್ರೆಯಿಂದ ಮನೆಗೆ ಬಂದ ಮೇಲೂ ಕೆಲವು ವಿಷಯ ನೋಡಿಕೊಳ್ಳಬೇಕು. ಒಂದೆರಡು ವಾರದಲ್ಲಿ ಜ್ವರ, ಕೀಲುನೋವು, ಮೈಮೇಲೆ ಗಂದೆ ಕಾಣಿಸಿದರೆ ಅದು ಪ್ರತಿವಿಷದ ತಡವಾದ ಪರಿಣಾಮವಿರಬಹುದು, ಅದಕ್ಕೆ ಚಿಕಿತ್ಸೆಯಿದೆ. ಮಂಡಲ ಕಡಿದವರು ಮೂತ್ರದ ಪ್ರಮಾಣ ಗಮನಿಸುತ್ತ, ವೈದ್ಯರು ಹೇಳಿದ ದಿನ ರಕ್ತಪರೀಕ್ಷೆಗೆ ತಪ್ಪದೆ ಹೋಗಬೇಕು. ಬಿಡುಗಡೆಯ ಚೀಟಿ, ಪರೀಕ್ಷೆಯ ವರದಿ ಎಲ್ಲವನ್ನೂ ಜೋಪಾನವಾಗಿಡಿ. ದುರದೃಷ್ಟವಶಾತ್ ಸಾವು ಸಂಭವಿಸಿದರೆ ರೈತ ಹಾಗೂ ಕೃಷಿ ಕಾರ್ಮಿಕರ ಕುಟುಂಬಕ್ಕೆ ಕೃಷಿ ಇಲಾಖೆಯ ಮೂಲಕ ಪರಿಹಾರ ಧನ ದೊರೆಯುವ ವ್ಯವಸ್ಥೆಯಿದೆ. ಅದಕ್ಕೆ ಆಸ್ಪತ್ರೆಯ ದಾಖಲೆ ಮತ್ತು ಮರಣೋತ್ತರ ಪರೀಕ್ಷೆಯ ವರದಿ ಬೇಕಾಗುತ್ತದೆ. ಪರೀಕ್ಷೆ ಮಾಡಿಸದೆ ಸಂಸ್ಕಾರ ಮಾಡಿಬಿಟ್ಟವರು ಆಮೇಲೆ ಅರ್ಜಿ ಹಿಡಿದು ಕಚೇರಿಗಳಿಗೆ ಅಲೆಯುವುದನ್ನು ನೋಡುತ್ತಿದ್ದೇವೆ. ಅರ್ಜಿ ಸಲ್ಲಿಸಬೇಕಾದದ್ದು ತಾಲ್ಲೂಕಿನ ಸಹಾಯಕ ಕೃಷಿ ನಿರ್ದೇಶಕರ ಕಚೇರಿಗೆ.